ಆಟವೂ ಅದರ ಒಡೆಯರೂ

ಗುಂಡ್ಲುಪೇಟೆಯಿಂದ ಊಟಿಯ ರಸ್ತೆ ಹಿಡಿದು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಈಗ ಸ್ವಂತ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ತಪ್ಪಲಿನಲ್ಲಿ ಇಳಿದು ಸರ್ಕಾರದ ಬಸ್ಸು ಹತ್ತಬೇಕು. ಬೆಟ್ಟದ ಎತ್ತರ ೧,೪೫೪ ಮೀಟರು. ಸುತ್ತ ಬಂಡೀಪುರದ ಹುಲಿಗಾಡು, ನೆತ್ತಿಯ ಮೇಲೆ ಮಂಜು, ಮಂಜಿನ ನಡುವೆ ಹೊಯ್ಸಳ ಬಲ್ಲಾಳನ ಕಾಲದ್ದೆಂದು ಹೇಳುವ ಗುಡಿ. ಗುಡಿಯೊಳಗೆ ಕೊಳಲು ಹಿಡಿದು ನಿಂತವನು ಗೋಪಾಲ, ಎಂದರೆ ದನ ಕಾಯುವವನು.

ಕಾಡಿನಲ್ಲಿ ಹುಲಿ, ಗುಡಿಯಲ್ಲಿ ದನಗಾಹಿ. ಇವೆರಡನ್ನೂ ಒಟ್ಟಿಗೆ ನೆನೆದಾಗ ನನ್ನಂಥವನಿಗೆ ಭಕ್ತಿಗಿಂತ ಮೊದಲು ನೆನಪಾಗುವುದು ಹುಲಿ-ಕುರಿ ಆಟ. ಕನ್ನಡ ನಾಡಿನ ಹಳೆಯ ಗುಡಿಗಳ ಹಾಸುಗಲ್ಲುಗಳನ್ನು ಬಗ್ಗಿ ನೋಡಿದವರಿಗೆ ಗೊತ್ತು: ಎಷ್ಟೋ ಕಡೆ ಈ ಆಟದ ಮನೆಗಳನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಕೊರೆಯುವ ತಾಳ್ಮೆಯಿಲ್ಲದ ಹುಡುಗರು ಅರಳಿಕಟ್ಟೆಯ ಮೇಲೆ ಇದ್ದಿಲಿನ ಚೂರಿನಿಂದ ಗೆರೆ ಎಳೆದುಕೊಂಡು ಆಡಿದರು. ಮೂರು ಹುಲಿ, ಹದಿನೈದು ಕುರಿ ಎಂಬುದು ಒಂದು ಲೆಕ್ಕ. ನೇಪಾಳದವರ ಬಾಗ್ ಚಾಲಿನಲ್ಲಿ ನಾಲ್ಕು ಹುಲಿ, ಇಪ್ಪತ್ತು ಮೇಕೆ. ಹುಲಿಗೆ ಬಲ ಹೆಚ್ಚಾಯಿತೆಂದು ತೋರಿದರೆ ಒಂದು ಗೆರೆ ಅಳಿಸಿದರಾಯಿತು. ಕುರಿ ತೀರ ಸುಲಭವಾಗಿ ಗೆಲ್ಲುತ್ತಿದ್ದರೆ ಒಂದು ಗೆರೆ ಸೇರಿಸಿದರಾಯಿತು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಟವನ್ನು ಮೊದಲು ಕಟ್ಟಿದವನ ಹೆಸರು ಯಾರಿಗೂ ತಿಳಿಯದು. ಆಡುವವನೇ ತಿದ್ದುವವನು, ಇದ್ದಿಲೇ ತಿದ್ದುವ ಸಲಕರಣೆ.

ಇದ್ದಿಲಿನ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ೧೯೯೪ರ ಜನವರಿಯಲ್ಲಿ ನ್ಯೂಜಿಲೆಂಡಿನ ಒಬ್ಬ ವಿದ್ಯಾರ್ಥಿ ಇಂಥದೇ ಒಂದು ಇದ್ದಿಲಿನ ಚೂರನ್ನು ಲೋಕಕ್ಕೆ ಪುಕ್ಕಟೆಯಾಗಿ ಬಿಟ್ಟ. ಅದು ಕಂಪ್ಯೂಟರಿನಲ್ಲಿ ಆಡುವ ‘ಡೂಮ್’ ಎಂಬ ಆಟವನ್ನು ತಿದ್ದುವ ಸಲಕರಣೆ. ಆ ಆಟಕ್ಕೆ ಮಾತ್ರ ಒಡೆಯರಿದ್ದರು. ಹೆಸರು, ವಿಳಾಸ, ವಕೀಲರು ಎಲ್ಲ ಇದ್ದವರು. ಆ ಕಥೆಗೆ ಹೋಗುವ ಮೊದಲು ನಮ್ಮ ಕಡೆಯ ಒಬ್ಬ ಒಡೆಯರ ಮಾತನ್ನು ಹೇಳಬೇಕು. ಈ ಒಡೆಯರು ಅಕ್ಷರಶಃ ಒಡೆಯರು.

ಬೆಟ್ಟ ಇಳಿದು, ಗುಂಡ್ಲುಪೇಟೆಗೆ ಮರಳಿ, ಪೂರ್ವಕ್ಕೆ ಹೋದರೆ ಚಾಮರಾಜನಗರ. ಹಿಂದೆ ಅದಕ್ಕೆ ಅರಿಕುಠಾರವೆಂದು ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ೧೮೧೮ರಲ್ಲಿ ಅದರ ಹೆಸರನ್ನು ಬದಲಿಸಿದರು. ೧೮೨೬ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ತಂದೆ ಜನಿಸಿದ ಜಾಗದಲ್ಲಿ ಜನನಮಂಟಪವನ್ನೂ ಎಬ್ಬಿಸಿದರು.

ಮುಮ್ಮಡಿಯವರು ೧೭೯೯ರಲ್ಲಿ, ಐದು ವರ್ಷದ ಕೂಸಾಗಿದ್ದಾಗ, ಸಿಂಹಾಸನವೇರಿದರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ಕಸಿದುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೆ, ಎಂದರೆ ಮೂವತ್ತೇಳು ವರ್ಷ, ಅವರು ರಾಜ್ಯವಿಲ್ಲದ ರಾಜರು. ಕಮಿಷನರು ಕಂದಾಯ ವಸೂಲಿ ಮಾಡಿಸುತ್ತಿದ್ದಾಗ ಮಹಾರಾಜರು ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿಕೊಂಡು ಆಟಗಳನ್ನು ತಿದ್ದುತ್ತಿದ್ದರು. ಇದನ್ನು ಕೆಲಸವಿಲ್ಲದವರ ಕಾಲಕ್ಷೇಪವೆಂದು ನಕ್ಕವರುಂಟು. ನನಗೇನೋ ಹಾಗೆ ತೋರುವುದಿಲ್ಲ. ನಾಡಿನ ಕಾನೂನು ಬರೆಯುವ ಅಧಿಕಾರ ಹೋದ ಮೇಲೂ ಆಟದ ಕಾನೂನು ಬರೆಯುವ ಅಧಿಕಾರ ಉಳಿದಿತ್ತು, ಅದನ್ನು ಅವರು ಬಿಡಲಿಲ್ಲ.

ಗಂಜೀಫವನ್ನು ನೋಡಿ. ಪರ್ಷಿಯದ ಕಡೆಯಿಂದ ಬಂದ ಈ ದುಂಡು ಎಲೆಗಳ ಆಟ ಬಾಬರನ ಕಾಲಕ್ಕಾಗಲೇ ಇಲ್ಲಿ ಪರಿಚಿತ. ಮೊಗಲರ ಕಟ್ಟಿನಲ್ಲಿ ಎಂಟು ರಂಗು, ೯೬ ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ತಿರುಗಿಸಿಕೊಂಡರು: ಹತ್ತು ರಂಗು, ೧೨೦ ಎಲೆ. ಮುಮ್ಮಡಿಯವರಿಗೆ ಅಷ್ಟೂ ಸಾಲದೆ ಹೋಯಿತು. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ ಎಂದು ಬಗೆಬಗೆಯ ಕಟ್ಟುಗಳನ್ನು ಕಲ್ಪಿಸಿದರು. ಕೆಲವದರಲ್ಲಿ ಎಲೆಗಳು ಮುನ್ನೂರನ್ನೂ ದಾಟುತ್ತವೆ. ಇವೆಲ್ಲದರ ವಿವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿದೆ.

ಎಲೆಗಳು ಸುಂದರ, ನಿಜ. ಆದರೆ ಆಟ ಅರಮನೆಯ ಹೊಸ್ತಿಲು ದಾಟಿ ಹೆಚ್ಚು ದೂರ ಹೋಗಲಿಲ್ಲ. ಐವತ್ತೆರಡು ಎಲೆಗಳಲ್ಲೇ ಇಸ್ಪೀಟು ಎಣಿಕೆ ತಪ್ಪುವ ನನ್ನಂಥವರು ಮುನ್ನೂರರಲ್ಲಿ ಏನಾಗಬೇಕು! ಎಲೆಗಳ ಸಂಖ್ಯೆಯೊಂದೇ ತೊಡಕಲ್ಲ. ಒಂದು ಕಟ್ಟು ಮಾಡಬೇಕಾದರೆ ಎಲೆಯೆಲೆಗೂ ಚಿತ್ರ ಬರೆಯುವ ಕುಶಲಿ ಬೇಕು, ಅವನನ್ನು ಸಾಕುವ ಒಡೆಯ ಬೇಕು. ತಿದ್ದುವ ಸಲಕರಣೆ ಅರಮನೆಯಲ್ಲೇ ಉಳಿಯಿತು, ಆಟವೂ ಅದರ ಜೊತೆಗೆ ಉಳಿಯಿತು.

ಅದೇ ಮಹಾರಾಜರ ಇನ್ನೊಂದು ಹುಚ್ಚಿನ ಗತಿ ಬೇರೆಯಾಯಿತು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳಲ್ಲಿ ಪ್ರತಿಯೊಂದನ್ನೂ ಒಂದೊಂದೇ ಸಲ ಮೆಟ್ಟಿ ಬರಬೇಕೆಂಬ ಸಮಸ್ಯೆ ನಮ್ಮಲ್ಲಿ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲೇ ಕುದುರೆಯ ನಡೆಯ ಮೇಲೆ ಅಕ್ಷರ ಕೂಡಿಸುವ ಪದ್ಯವಿದೆ. ಮುಮ್ಮಡಿಯವರು ನಡೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಅಂಕಿ ಹಾಕಿ, ಅಡ್ಡಸಾಲು ಉದ್ದಸಾಲು ಯಾವುದನ್ನು ಕೂಡಿದರೂ ೨೬೦ ಬರುವ ನಡೆಯನ್ನು ಹೊಂದಿಸಿದರು. ಇದನ್ನು ಆಡಲು ಚಿತ್ರಗಾರ ಬೇಡ. ಸ್ಲೇಟು, ಬಳಪ ಸಾಕು. ಹೀಗಾಗಿ ಮೈಸೂರು ಮಹಾರಾಜರ ಕುದುರೆ ಮೈಸೂರಿನಿಂದಾಚೆಗೂ ನಡೆಯಿತು. ಚದುರಂಗದ ಗಣಿತ ಬರೆಯುವ ಯೂರೋಪಿನವರೂ ಅವರ ಹೆಸರು ಹೇಳುತ್ತಾರೆ. ಕರ್ಣರೇಖೆಗಳೂ ೨೬೦ ಆಗುವಂಥ ನಡೆ ಎಂಟರ ಹಲಗೆಯಲ್ಲಿ ಇಲ್ಲವೇ ಇಲ್ಲವೆಂದು ಖಚಿತವಾದದ್ದು ೨೦೦೩ರಲ್ಲಿ, ಕಂಪ್ಯೂಟರುಗಳು ಹಗಲಿರುಳು ಹುಡುಕಿದ ಮೇಲೆ.

ಕಂಪ್ಯೂಟರಿನ ಮಾತು ಬಂತು. ಇನ್ನು ಡೂಮ್ ಆಟಕ್ಕೆ ಬರೋಣ.

ಅದರ ಕಥೆ ಬಹಳ ಹೇಳುವಂಥದೇನಲ್ಲ. ಮಂಗಳ ಗ್ರಹದ ಉಪಗ್ರಹವೊಂದರಲ್ಲಿ ನರಕದ ಬಾಗಿಲು ತೆರೆದು ಭೂತಗಳು ಹೊರಬೀಳುತ್ತವೆ. ಒಬ್ಬ ಸೈನಿಕ ಕೋಣೆಯಿಂದ ಕೋಣೆಗೆ ಹೋಗಿ ಅವನ್ನು ಕೊಲ್ಲುತ್ತಾನೆ. ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಇದನ್ನು ೧೯೯೩ರ ಡಿಸೆಂಬರ್ ೧೦ರಂದು ಹೊರತಂದಿತು. ಮೂರು ಕಾಂಡಗಳಲ್ಲಿ ಮೊದಲನೆಯದು ಪುಕ್ಕಟೆ, ಉಳಿದೆರಡಕ್ಕೆ ಹಣ.

ಕಂಪನಿಯ ಹಿಂದಿನ ಆಟ, ೧೯೯೨ರ ‘ವುಲ್ಫೆನ್‌ಸ್ಟೈನ್ ೩ಡಿ’, ಬಂದಾಗ ಆಡುವವರು ಸುಮ್ಮನಿರಲಿಲ್ಲ. ಬಿಲ್ ಕಿರ್ಬಿ ಎಂಬಾತ ‘ಮ್ಯಾಪ್‌ಎಡಿಟ್’ ಎಂಬ ಸಲಕರಣೆ ಮಾಡಿ, ಆಟದೊಳಗಿನ ಗೋಡೆಗಳನ್ನು ಯಾರು ಬೇಕಾದರೂ ಬದಲಿಸುವಂತೆ ಮಾಡಿದ. ಆದರೆ ಹೊಸದನ್ನು ಬರೆದರೆ ಹಳೆಯದು ಅಳಿಯುತ್ತಿತ್ತು, ಹಾಸುಗಲ್ಲಿನ ಮೇಲೆ ಮತ್ತೆ ಕೊರೆದ ಹಾಗೆ. ಇಡ್ ಕಂಪನಿಯ ಜಾನ್ ಕಾರ್ಮ್ಯಾಕ್ ಇದನ್ನು ಕಂಡು ಸಿಟ್ಟಾಗಲಿಲ್ಲ, ಸಂತೋಷಪಟ್ಟ. ಮುಂದಿನ ಆಟದಲ್ಲಿ ಯಂತ್ರವನ್ನೂ ಸರಕನ್ನೂ ಬೇರೆಬೇರೆ ಮಾಡಿದ. ಆಟ ನಡೆಸುವ ಕ್ರಮವಿಧಿ ಒಂದು ಕಡತದಲ್ಲಿ. ಗೋಡೆ, ಚಿತ್ರ, ಸದ್ದು ಎಲ್ಲ ‘ವ್ಯಾಡ್’ ಎಂಬ ಇನ್ನೊಂದು ಕಡತದಲ್ಲಿ. ಬೇರೆ ವ್ಯಾಡ್ ಕೊಟ್ಟರೆ ಬೇರೆ ಆಟ; ತೆಗೆದರೆ ಹಳೆಯದು ಹಾಗೆಯೇ ಇರುತ್ತದೆ.

ಕಾರ್ಮ್ಯಾಕ್ ಬಾಗಿಲು ತೆರೆದಿಟ್ಟ. ಒಳಗೆ ಹೋಗುವ ಮೆಟ್ಟಿಲು ಮಾತ್ರ ಇರಲಿಲ್ಲ. ಕಂಪನಿಯವರು ಕೋಣೆಗಳನ್ನು ಕಟ್ಟುತ್ತಿದ್ದುದು ನೆಕ್ಸ್ಟ್ ಎಂಬ ದುಬಾರಿ ಯಂತ್ರಗಳಲ್ಲಿ, ತಮ್ಮದೇ ಸಲಕರಣೆಯಿಂದ. ಅದನ್ನು ಅವರು ಹೊರಗೆ ಬಿಡಲಿಲ್ಲ, ಬಿಟ್ಟಿದ್ದರೂ ಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿರಲಿಲ್ಲ. ಆಗಲೇ ನ್ಯೂಜಿಲೆಂಡಿನ ಬ್ರೆಂಡನ್ ವೈಬರ್ ಡೂಮ್ ತಿದ್ದುವ ಸಲಕರಣೆಯನ್ನು ಬಿಡುಗಡೆ ಮಾಡಿದ್ದು. ಬೆಲ್ಜಿಯಮ್ಮಿನ ರಫಾಯೆಲ್ ಕ್ವಿನೆ ಜೊತೆಗೂಡಿ ಅದನ್ನು ಬೆಳೆಸಿದ. ಭೂಗೋಳದ ಎರಡು ತುದಿಗಳ ಈ ಇಬ್ಬರು ಮಾಡಿದ್ದಕ್ಕೆ ‘ಡಿಇಯು’ ಎಂದು ಹೆಸರಾಯಿತು. ಆಟ ಹೊರಬಂದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಈ ಸಲಕರಣೆಯ ರೀತಿಯನ್ನು ನಮ್ಮ ಹೆಂಗಸರಿಗೆ ವಿವರಿಸಬೇಕಾಗಿಲ್ಲ, ಏಕೆಂದರೆ ಅದು ಚುಕ್ಕಿ ರಂಗೋಲಿಯ ರೀತಿ. ಪರದೆಯ ಮೇಲೆ ಚುಕ್ಕಿ ಇಡುವುದು, ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ಎಳೆಯುವುದು, ಗೆರೆಯೇ ಗೋಡೆ. ಗೆರೆಗಳು ಕೂಡಿ ಒಂದು ಜಾಗವನ್ನು ಸುತ್ತುವರಿದರೆ ಅದು ಕೋಣೆ. ಅದಕ್ಕೆ ನೆಲದ ಎತ್ತರ, ಮಾಳಿಗೆಯ ಎತ್ತರ, ಬೆಳಕಿನ ಪ್ರಮಾಣ ಗೊತ್ತುಮಾಡಬೇಕು. ಆಮೇಲೆ ಭೂತ ಎಲ್ಲಿ, ಬಂದೂಕು ಎಲ್ಲಿ ಎಂದು ಇಡುತ್ತಾ ಹೋಗುವುದು. ಕಷ್ಟವಿದ್ದದ್ದು ಒಳಗೆ. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂದು ಕಂಪ್ಯೂಟರು ಕ್ಷಣಾರ್ಧದಲ್ಲಿ ಅರಿಯಬೇಕಾದರೆ ಇಡೀ ನಕ್ಷೆಯನ್ನು ಮೊದಲೇ ಎರಡೆರಡಾಗಿ ಸೀಳುತ್ತಾ ಹೋಗಿ ಆ ಲೆಕ್ಕವನ್ನು ಬರೆದಿಡಬೇಕು. ಈ ಗುಟ್ಟನ್ನು ಬಿಡಿಸುವುದರಲ್ಲಿ ಹಲವರ ಕೈಯಿತ್ತು. ಮ್ಯಾಟ್ ಫೆಲ್ ಎಂಬಾತ ವ್ಯಾಡ್ ಕಡತದ ಒಳರಚನೆಯನ್ನೆಲ್ಲ ಬಿಡಿಸಿ ಬರೆದು ಹಂಚಿದ. ಕಾಲಿನ್ ರೀಡ್ ನಕ್ಷೆ ಸೀಳುವ ಕ್ರಮವಿಧಿಯೊಂದನ್ನು ಬರೆದ. ಯಾರೂ ಕಾಸು ಕೇಳಲಿಲ್ಲ. ೧೯೯೪ರ ಮಾರ್ಚ್ ತಿಂಗಳಲ್ಲಿ ಜೆಫ್ರಿ ಬರ್ಡ್ ಹೊರಗಿನವರು ಕಟ್ಟಿದ ಮೊದಲ ಮನೆಯನ್ನು ಬಿಡುಗಡೆ ಮಾಡಿದ. ಅದು ತೀರ ಪುಟ್ಟದು. ಅದರ ಹಿಂದೆ ಬಂದವು ಸಾವಿರಾರು.

ಅಭಿಮಾನಿ ಎಂದರೆ ನಮ್ಮಲ್ಲಿ ಕಟೌಟಿಗೆ ಹಾಲೆರೆಯುವವನು. ಇವರೂ ಅಭಿಮಾನಿಗಳೇ, ಆದರೆ ಹಾಲೆರೆಯಲಿಲ್ಲ, ಮೂರ್ತಿಯನ್ನೇ ಬಿಚ್ಚಿ ನೋಡಿದರು. ಇದನ್ನು ಕಂಡು ಕಂಪನಿಯೊಳಗೆ ಕೆಲವರಿಗೆ ದಿಗಿಲಾಯಿತು. ತಮ್ಮ ಹೆಸರಿನಲ್ಲಿ ಏನೇನು ಬರುವುದೋ, ಪುಕ್ಕಟೆಯಾಗಿ ಇಷ್ಟು ಸಿಕ್ಕುವಾಗ ಹಣ ಕೊಡುವವರು ಯಾರೋ ಎಂಬ ಅಳುಕು ವ್ಯಾಪಾರಸ್ಥರಿಗೆ ಸಹಜ. ಕಾರ್ಮ್ಯಾಕನೂ ಜಾನ್ ರೊಮೆರೊವೂ ಬಿಡುವ ಪಕ್ಷದವರು. ಕೊನೆಗೆ ಕಂಪನಿ ಒಂದು ಮಾತು ಕೇಳಿಕೊಂಡಿತು: ಹೊಸ ಮನೆಗಳು ಹಣ ಕೊಟ್ಟು ಕೊಂಡ ಆಟದಲ್ಲಿ ಮಾತ್ರ ನಡೆಯಲಿ, ಪುಕ್ಕಟೆ ಕಾಂಡದಲ್ಲಿ ಬೇಡ. ಸಲಕರಣೆ ಮಾಡಿದವರು ಇದನ್ನು ಒಪ್ಪಿ ನಡೆದರು. ಒಡೆಯನಿಗೂ ಆಡುವವನಿಗೂ ನಡುವೆ ಇಷ್ಟು ಸರಳವಾದ, ಇಷ್ಟು ಮರ್ಯಾದೆಯ ಒಪ್ಪಂದವನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

ಎಲ್ಲ ಕಾಲದಲ್ಲೂ ಹೀಗೇ ನಡೆಯಿತೆಂದಲ್ಲ. ಟೀಮ್ ಟಿಎನ್‌ಟಿ ಎಂಬ ಅಭಿಮಾನಿಗಳ ತಂಡ ಡೂಮ್‌ನ ಎರಡನೆಯ ಆಟಕ್ಕೆ ಮೂವತ್ತೆರಡು ಮನೆಗಳನ್ನು ಕಟ್ಟಿ, ಪುಕ್ಕಟೆಯಾಗಿ ಕೊಡುತ್ತೇವೆಂದು ಸಾರಿತ್ತು. ಬಿಡುಗಡೆಯ ಹೊಸ್ತಿಲಲ್ಲಿ ಕಂಪನಿ ಅದನ್ನು ಕೊಂಡುಕೊಂಡು ೧೯೯೬ರಲ್ಲಿ ‘ಫೈನಲ್ ಡೂಮ್’ ಎಂದು ಮಾರಿತು. ಕಟ್ಟಿದವರಿಗೆ ಹಣ ಬಂತು. ಕಾದಿದ್ದವರಿಗೆ ಮೋಸವಾದಂತೆ ತೋರಿತು. ಎರಡೂ ಕಡೆ ನ್ಯಾಯವಿದೆ. ಕೆಲಸ ಮಾಡಿದವನು ಕೂಲಿ ಪಡೆದದ್ದು ತಪ್ಪೆಂದು ಹೇಗೆ ಹೇಳುವುದು? ಆದರೂ ಹಂಚುತ್ತೇನೆಂದು ಕರೆದು ಎಲೆ ಹಾಕಿದ ಮೇಲೆ ಅನ್ನಕ್ಕೆ ದರ ಹೇಳಿದರೆ ಉಣ್ಣಲು ಕುಳಿತವನ ಮುಖ ಸಪ್ಪಗಾಗುವುದೂ ಸಹಜವೇ.

ಇನ್ನೊಂದು ಜಗಳ ನ್ಯಾಯಾಲಯಕ್ಕೆ ಹೋಯಿತು. ೧೯೯೬ರ ‘ಡ್ಯೂಕ್ ನ್ಯೂಕೆಮ್ ೩ಡಿ’ ಆಟದ ಒಡೆಯರು ತಿದ್ದುವ ಸಲಕರಣೆಯನ್ನು ಆಟದ ಜೊತೆಗೇ ಕೊಟ್ಟಿದ್ದರು. ಜನ ಕಟ್ಟಿ ಪುಕ್ಕಟೆ ಹಂಚಿದ್ದ ಮುನ್ನೂರು ಮನೆಗಳನ್ನು ಮೈಕ್ರೊ ಸ್ಟಾರ್ ಎಂಬ ವ್ಯಾಪಾರಿ ಸಂಸ್ಥೆ ಒಂದು ತಟ್ಟೆಗೆ ತುಂಬಿ ಮಾರಿತು. ೧೯೯೮ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಮಾರಿದವರ ವಿರುದ್ಧ ತೀರ್ಪು ಕೊಟ್ಟಿತು: ಈ ಮನೆಗಳಲ್ಲಿ ನಡೆಯುವುದು ಮೂಲ ಆಟದ ಕಥೆಯೇ, ಅದರ ಮುಂದಿನ ಕಥೆ ಬರೆಯುವ ಹಕ್ಕು ಒಡೆಯರದು. ಕಟ್ಟಿದ ಮಂದಿಯ ಪಾಲೇನು ಎಂಬ ಪ್ರಶ್ನೆ ಆ ವ್ಯಾಜ್ಯದ ನಡುವೆ ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ ತೀರ್ಪಿಗಿಂತ ಆ ಪ್ರಶ್ನೆಯೇ ದೊಡ್ಡದು.

ಕಾರ್ಮ್ಯಾಕ್ ತನ್ನ ಪಾಲಿನ ಉತ್ತರವನ್ನು ಬೇರೆ ರೀತಿಯಲ್ಲಿ ಕೊಟ್ಟ. ೧೯೯೭ರ ಡಿಸೆಂಬರಿನಲ್ಲಿ ಡೂಮ್ ಆಟವನ್ನು ನಡೆಸುವ ಮೂಲ ಬರಹವನ್ನೇ ಲೋಕಕ್ಕೆ ತೆರೆದಿಟ್ಟ. ೧೯೯೯ರಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸಾರ್ವಜನಿಕ ಪರವಾನಗಿಯ ಕೆಳಗೆ ತಂದ. ಅದರಿಂದಲೇ ಆ ಆಟ ಇಂದಿನ ಯಂತ್ರಗಳಲ್ಲೂ ನಡೆಯುತ್ತಿದೆ. ತಿದ್ದುವ ಸಲಕರಣೆಗಳೂ ಕೈಯಿಂದ ಕೈಗೆ ದಾಟಿದವು. ಡಿಇಯು ಹಳತಾದ ಮೇಲೆ ಬೇರೆ ಅಭಿಮಾನಿಗಳ ‘ಡೂಮ್ ಬಿಲ್ಡರ್’ ಬಂತು. ಅದೂ ಹಲವರ ಕೈಯಲ್ಲಿ ಮರುಹುಟ್ಟು ಪಡೆಯಿತು.

ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿಯವರ ಆಟದ ಮನೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ನೋಡುವವರು ಕತ್ತೆತ್ತಿ ನೋಡಿ ಮುಂದೆ ಹೋಗುತ್ತಾರೆ, ಆಡುವವರಿಲ್ಲ. ಡೂಮ್ ಕಟ್ಟಿದ ರೊಮೆರೊನ ಪಾಡು ಬೇರೆ. ಆಟ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ, ೨೦೧೬ರಲ್ಲಿ, ಅವನಿಗೆ ಮತ್ತೆ ಅದಕ್ಕೊಂದು ಮನೆ ಕಟ್ಟುವ ಆಸೆಯಾಯಿತು. ಹಳೆಯ ನೆಕ್ಸ್ಟ್ ಯಂತ್ರಗಳ ಕಾಲ ಎಂದೋ ಮುಗಿದಿತ್ತು. ಅವನು ಕೈಗೆತ್ತಿಕೊಂಡದ್ದು ಅಭಿಮಾನಿಗಳು ಮಾಡಿ ಹಂಚಿದ್ದ ಡೂಮ್ ಬಿಲ್ಡರನ್ನೇ. ೨೦೧೯ರ ಮೇ ತಿಂಗಳಲ್ಲಿ ‘ಸಿಜಿಲ್’ ಎಂದು ಒಂಬತ್ತು ಮನೆಗಳ ಹೊಸ ಕಾಂಡವನ್ನು ಪುಕ್ಕಟೆಯಾಗಿ ಬಿಟ್ಟ. ಅದನ್ನು ಆಡಬೇಕಾದರೆ ಮೂಲ ಆಟವನ್ನು ಹಣ ಕೊಟ್ಟು ಕೊಂಡಿರಬೇಕು. ೧೯೯೪ರಲ್ಲಿ ಅಭಿಮಾನಿಗಳನ್ನು ಅವನ ಕಂಪನಿ ಕೇಳಿಕೊಂಡಿದ್ದ ಮಾತೂ ಅದೇ.