ಯುದ್ಧದ ಲಾರಿಯ ಪಾಠಶೋಧನೆ

ಲಾರಿಗೂ ಒಂದು ಚರಿತ್ರೆಯೇ ಎಂದು ವಾಚಕರು ನಕ್ಕಾರು. ಶಾಸನಕ್ಕೂ ನಾಣ್ಯಕ್ಕೂ ಓಲೆಗರಿಗೂ ಸಲ್ಲುವ ಮರ್ಯಾದೆಯನ್ನು ತುಕ್ಕು ಹಿಡಿದ ತಗಡಿಗೆ ಸಲ್ಲಿಸುವುದೆಂತು? ಆದರೂ ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಲಾರಿಗಳನ್ನು ಹುಡುಕಿ ತಂದು, ಬಿಚ್ಚಿ ತೊಳೆದು, ಅಂದು ಇದ್ದಂತೆಯೇ ಮತ್ತೆ ಸಜ್ಜುಗೊಳಿಸುವ ಹವ್ಯಾಸಿಗಳು ಇಂಗ್ಲೆಂಡ್, ಕೆನಡ, ಹಾಲೆಂಡ್, ಆಸ್ಟ್ರೇಲಿಯಗಳಲ್ಲಿ ಬಹುಮಂದಿ ಇದ್ದಾರೆ. ಅವರ ಕೆಲಸದ ರೀತಿಯನ್ನು ನೋಡಿದರೆ ನಮ್ಮ ಗ್ರಂಥಸಂಪಾದನೆಯ ನೆನಪಾಗದೆ ಇರದು. ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು ಎಂಬ ವಿಚಾರವೇ ಅಲ್ಲಿಯೂ ಮುಖ್ಯ. ಇದಕ್ಕೆ ನಿದರ್ಶನವಾಗಿ ನಮ್ಮ ದೇಶಕ್ಕೂ ಸಂಬಂಧವುಳ್ಳ ಒಂದು ಜಾತಿಯ ಲಾರಿಯನ್ನು ತೆಗೆದುಕೊಳ್ಳೋಣ.

೧೯೪೦ರ ಬೇಸಗೆಯಲ್ಲಿ ಬ್ರಿಟಿಷ್ ಸೇನೆ ಡಂಕರ್ಕಿನಿಂದ ಕಡಲು ದಾಟಿ ಜೀವ ಉಳಿಸಿಕೊಂಡಿತು, ವಾಹನಗಳನ್ನು ಉಳಿಸಿಕೊಳ್ಳಲಿಲ್ಲ. ಫ್ರಾನ್ಸಿನಲ್ಲಿ ಬಿಟ್ಟು ಬಂದ ವಾಹನಗಳ ಸಂಖ್ಯೆ ೬೦,೦೦೦ಕ್ಕೂ ಮಿಗಿಲು. ಈ ಹಳ್ಳವನ್ನು ತುಂಬಿದ ದೇಶಗಳಲ್ಲಿ ಕೆನಡ ಮುಖ್ಯವಾದದ್ದು. ಆಷವಾ ಪಟ್ಟಣದ ಷೆವರ್ಲೆ ಕಾರ್ಖಾನೆಯೂ ವಿಂಡ್ಸರ್ ಪಟ್ಟಣದ ಫೋರ್ಡ್ ಕಾರ್ಖಾನೆಯೂ, ವ್ಯಾಪಾರದಲ್ಲಿ ಪರಸ್ಪರ ಸ್ಪರ್ಧಿಗಳಾಗಿದ್ದರೂ, ಸರಕಾರದ ಅಪ್ಪಣೆಯಂತೆ ಒಂದೇ ಮಾದರಿಯ ಲಾರಿಗಳನ್ನು ಮಾಡತೊಡಗಿದವು. ಇವಕ್ಕೆ ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್ ಎಂದು ಹೆಸರು. ಯುದ್ಧ ಮುಗಿಯುವ ಹೊತ್ತಿಗೆ ಕೆನಡ ಮಾಡಿದ ಸೈನಿಕ ವಾಹನಗಳು ೮ ಲಕ್ಷವನ್ನು ಮೀರಿದ್ದವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಈ ಮಾದರಿಯವು.

ಹಡಗಿನಲ್ಲಿ ಜಾಗ ಚಿನ್ನಕ್ಕೆ ಸಮಾನವಾಗಿದ್ದ ಕಾಲ ಅದು. ಆದ್ದರಿಂದ ಲಾರಿಗಳನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಿದ್ದರು. ಪೆಟ್ಟಿಗೆ ಒಡೆದು ಜೋಡಿಸುವ ಕೆಲಸ ನಡೆದ ಊರುಗಳಲ್ಲಿ ಮುಂಬಯಿಯೂ ಒಂದು. ಕೆನಡದ ಇದೇ ಷಾಸಿಯ ಮೇಲೆ ಟಾಟಾ ಕಾರ್ಖಾನೆಯ ಉಕ್ಕಿನ ತಗಡನ್ನು ರೈಲ್ವೆ ಕಾರ್ಯಾಗಾರಗಳಲ್ಲಿ ಹೊದಿಸಿ, ೪,೦೦೦ಕ್ಕೂ ಹೆಚ್ಚು ಕವಚದ ಗಾಡಿಗಳನ್ನು ಇಲ್ಲಿಯೇ ಸಿದ್ಧಮಾಡಿದರು. ಜನ ಅವನ್ನು ‘ಟಾಟಾನಗರ’ ಎಂದೇ ಕರೆದರು. ಕಾರ್ಖಾನೆಯ ಊರಿನ ಹೆಸರೇ ಗಾಡಿಗೂ ಅಂಟಿಕೊಂಡದ್ದು ಸೊಗಸಲ್ಲವೆ?

ಈ ಲಾರಿಯ ಮೂತಿ ಮೊಂಡು. ಒಟ್ಟು ಉದ್ದ ಕಡಮೆಯಾಗಿರಬೇಕು, ಹೊರೆಯ ಜಾಗ ಹೆಚ್ಚಾಗಿರಬೇಕು ಎಂಬ ಬ್ರಿಟಿಷರ ನಿಬಂಧನೆಯಿಂದಾಗಿ ಯಂತ್ರವನ್ನು ಡ್ರೈವರನ ಪಕ್ಕಕ್ಕೇ ತಂದು ಕೂರಿಸಿದರು. ಅದರ ಶಾಖವನ್ನು ಅನುಭವಿಸಿದವನು ಪಾಪ ಡ್ರೈವರ್. ೧೯೪೧ರ ಕೊನೆಗೆ ಬಂದ ೧೩ನೆಯ ನಮೂನೆಯ ಕ್ಯಾಬಿನಲ್ಲಿ ಮುಂದಿನ ಗಾಜನ್ನು ತಲೆಕೆಳಗಾಗಿ ಓರೆ ಮಾಡಿದ್ದಾರೆ: ಮೇಲಂಚು ಮುಂದಕ್ಕೆ, ಕೆಳಗಿನ ಅಂಚು ಹಿಂದಕ್ಕೆ. ಬಿಸಿಲು ಗಾಜಿಗೆ ತಾಗಿ ಫಳಕ್ಕನೆ ಹೊಳೆದರೆ ಮೇಲೆ ಹಾರುವ ವೈರಿಯ ವಿಮಾನಕ್ಕೆ ಗುರಿ ಸಿಕ್ಕೀತೆಂಬ ಮುಂದಾಲೋಚನೆ ಅದು.

ಇಂಥ ಒಂದು ಲಾರಿ, ೧೫ ಹಂಡ್ರೆಡ್‌ವೇಟ್ ಹೊರೆಯ ನಾಲ್ಕು ಚಕ್ರಚಾಲನೆಯ ಷೆವರ್ಲೆ ಎನ್ನಿ, ಯಾವುದೋ ತೋಟದ ಮೂಲೆಯಲ್ಲಿ ಸಿಕ್ಕಿತೆಂದು ಇಟ್ಟುಕೊಳ್ಳಿ. ಅವಸರದವನು ಕೂಡಲೆ ತುಕ್ಕು ಕೆರೆದು ಹಸಿರು ಬಣ್ಣ ಬಳಿದು ಬಿಡುತ್ತಾನೆ. ಇದು ಓಲೆಯ ಮೇಲಿನ ಅಕ್ಷರವನ್ನು ತೊಳೆದು ಓಲೆಯನ್ನು ಶುಚಿಮಾಡಿದಂತೆ. ಬಲ್ಲವನು ಒದ್ದೆಮಾಡಿದ ನಯವಾದ ಉಪ್ಪುಕಾಗದದಿಂದ ಬಾನೆಟ್ಟಿನ ಪಕ್ಕದಲ್ಲಿ ಅಂಗೈಯಗಲ ಜಾಗವನ್ನು ಮೆಲ್ಲಮೆಲ್ಲನೆ ಉಜ್ಜುತ್ತಾನೆ. ಮೇಲೆ ಕಂಟ್ರಾಕ್ಟರನ ನೀಲಿ, ಅದರಡಿ ಕೆಂಪು, ಅದರಡಿ ಸೈನ್ಯದ ಬಣ್ಣ. ಒಮ್ಮೊಮ್ಮೆ ಆ ಬಣ್ಣದ ನಡುವೆ ಬಿಳಿಯ ಅಂಕಿಗಳು ಮೂಡುತ್ತವೆ. ಬ್ರಿಟಿಷ್ ಪದ್ಧತಿಯ ಸೇನೆಯಲ್ಲಿ ಪ್ರತಿ ವಾಹನಕ್ಕೂ ಒಂದು ಸಂಖ್ಯೆ, ಅದರ ಮುಂದೆ ಜಾತಿಸೂಚಕವಾದ ಒಂದು ಇಂಗ್ಲಿಷ್ ಅಕ್ಷರ: ಮೂರು ಟನ್ನಿನ ಲಾರಿಗೆ ‘ಎಲ್’, ೧೫ ಹಂಡ್ರೆಡ್‌ವೇಟಿನ ಟ್ರಕ್ಕಿಗೆ ‘ಜೆಡ್’, ಫಿರಂಗಿ ಎಳೆಯುವುದಕ್ಕೆ ‘ಎಚ್’. ಆ ಒಂದು ಸಾಲು ದೊರೆತರೆ ಲಾರಿಗೆ ಅಂಕಿತನಾಮ ದೊರೆತಂತೆಯೇ.

ನಟ್ಟು ಬೋಲ್ಟುಗಳೂ ಸಾಕ್ಷಿ ಹೇಳುತ್ತವೆ. ಕೆನಡದವರು ಬಳಸಿದ್ದು ಅಮೆರಿಕದ ಅಳತೆಯ ಮರೆಯನ್ನು. ಇಂಗ್ಲೆಂಡಿನ ವಿಟ್‌ವರ್ತ್ ಸ್ಪ್ಯಾನರ್ ಅದಕ್ಕೆ ಸರಿಯಾಗಿ ಕೂರದು. ಲಾರಿಯಲ್ಲಿ ವಿಟ್‌ವರ್ತ್ ಬೋಲ್ಟು ಕಂಡರೆ ಅದು ಆಮೇಲಿನ ಕೈ. ನಮ್ಮ ದೇಶದಲ್ಲಿ ಉಳಿದ ಗಾಡಿಯಲ್ಲಿ ಮಿಲಿಮೀಟರ್ ಅಳತೆಯ ಬೋಲ್ಟು ಕಂಡರೆ ಆ ದುರಸ್ತಿ ೧೯೫೬ರ ತೂಕ ಅಳತೆಯ ಕಾಯಿದೆಗಿಂತ ಈಚಿನದೆಂದು ಊಹಿಸಬಹುದು. ಕಾವ್ಯದಲ್ಲಿ ಹೊಸಗನ್ನಡದ ಒಂದು ಪ್ರತ್ಯಯ ಕಂಡೊಡನೆ ಆ ಪದ್ಯದ ವಯಸ್ಸನ್ನು ನಾವು ಊಹಿಸುವುದಿಲ್ಲವೆ, ಹಾಗೆ.

ಚಕ್ರದ ವಿಷಯದಲ್ಲಿ ಮಾತ್ರ ಪಾಂಡಿತ್ಯವಷ್ಟೇ ಸಾಲದು, ಎಚ್ಚರವೂ ಬೇಕು. ಇದರ ರಿಮ್ಮು ಎರಡು ಹೋಳು. ಎರಡನ್ನೂ ಸುತ್ತಲೂ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಚಕ್ರವನ್ನು ಅಚ್ಚಿಗೆ ಕೂರಿಸುವ ನಟ್ಟುಗಳು ಬೇರೆ, ಹೋಳುಗಳನ್ನು ಹಿಡಿದಿರುವ ನಟ್ಟುಗಳು ಬೇರೆ. ಗಾಳಿ ತುಂಬಿದ ಟೈರಿನಲ್ಲಿ ಈ ಎರಡನೆಯದನ್ನು ಬಿಚ್ಚಿದವನ ಮುಖಕ್ಕೆ ಉಕ್ಕಿನ ಅರೆಚಕ್ರ ಸಿಡಿಯುತ್ತದೆ, ಪ್ರಾಣವೇ ಹೋದೀತು. ಅದಕ್ಕಾಗಿಯೇ ಸೇನೆಯಲ್ಲಿ ಆ ನಟ್ಟುಗಳಿಗೆ ಕೆಂಪು ಬಳಿಯುವ ವಾಡಿಕೆ. ಚೆಲುವಿಗೆಂದು ಚಕ್ರವನ್ನೆಲ್ಲ ಒಂದೇ ಹಸಿರಾಗಿಸುವ ನವೀಕರಣಕಾರ ಬಣ್ಣದ ತಪ್ಪಿನ ಜೊತೆಗೆ ಇನ್ನೊಂದು ತಪ್ಪನ್ನೂ ಮಾಡುತ್ತಾನೆ: ಮುಂದೆ ಚಕ್ರ ಬಿಚ್ಚುವವನಿಗೆ ಬರೆದಿಟ್ಟ ಎಚ್ಚರಿಕೆಯನ್ನು ಅಳಿಸುತ್ತಾನೆ.

ಇನ್ನು ಸಜ್ಜಿನ ಮಾತು. ಇಲ್ಲಿ ಕಾಲವಿರೋಧಗಳು ಹೇರಳ. ಯುದ್ಧದ ಮೊದಲಲ್ಲಿ ಇಂಗ್ಲೆಂಡಿನ ವಾಹನಗಳಿಗೆ ಖಾಕಿ ಹಸಿರು. ನಡುವೆ ಹಸಿರು ವರ್ಣದ್ರವ್ಯಕ್ಕೆ ಅಭಾವ ಬಂದು ಕಂದು. ೧೯೪೪ರಿಂದ ಆಲಿವ್ ಹಸಿರು. ಮರುಭೂಮಿಗೆ ಮರಳುಗಲ್ಲಿನ ಬಣ್ಣ, ಬರ್ಮಾ ಕಡೆಗೆ ಕಾಡುಹಸಿರು. ಮಿತ್ರರಾಷ್ಟ್ರಗಳ ಬಿಳಿಯ ನಕ್ಷತ್ರ ಎಲ್ಲೆಡೆ ಹರಡಿದ್ದು ಯುದ್ಧದ ಉತ್ತರಾರ್ಧದಲ್ಲಿ; ೧೯೪೧ರ ಲಿಬಿಯದ ಲಾರಿಗೆ ಅದನ್ನು ಬರೆದರೆ ಪಂಪನ ಬಾಯಲ್ಲಿ ಷಟ್ಪದಿ ಹಾಡಿಸಿದಂತೆ. ಪೆಟ್ರೋಲಿನ ಡಬ್ಬಿಯದೂ ಇದೇ ಕಥೆ. ಇಂದು ಎಲ್ಲರೂ ತೂಗುಹಾಕುವ ೨೦ ಲೀಟರಿನ ಜೆರಿಕ್ಯಾನ್ ಮೂಲತಃ ಜರ್ಮನರದು. ಆ ವರ್ಷ ಬ್ರಿಟಿಷ್ ಸೇನೆಯಲ್ಲಿ ಇದ್ದದ್ದು ತೆಳುತಗಡಿನ ನಾಲ್ಕು ಗ್ಯಾಲನ್ ಡಬ್ಬಿ, ಮುಟ್ಟಿದರೆ ಸೋರುವಂಥದು. ವೈರಿಯಿಂದ ಕಿತ್ತುಕೊಂಡ ಕ್ಯಾನು ಕಂಡಾಗ ಸಿಪಾಯಿಗಳಿಗೆ ಅದು ನಿಧಿಯಾಗಿತ್ತು. ಬಳಿಕ ಬ್ರಿಟಿಷರೂ ಅದನ್ನೇ ನಕಲು ಮಾಡಿದರು. ಸಲಿಕೆ, ಪಿಕಾಸಿ, ಮರೆಬಲೆ, ಕಮಾನುಗಳ ಮೇಲಿನ ಟಾರ್ಪಾಲು, ಸೇತುವೆ ದಾಟುವ ತೂಕವನ್ನು ತಿಳಿಸುವ ಹಳದಿ ಬಿಲ್ಲೆ, ವಿಷಾನಿಲ ತಾಗಿದರೆ ಬಣ್ಣ ಬದಲಾಗುವ ಲೇಪನದ ತೇಪೆ, ಎಲ್ಲವೂ ಒಂದೇ ವರ್ಷಕ್ಕೆ, ಒಂದೇ ರಂಗಕ್ಕೆ ಹೊಂದಬೇಕು.

ಎಲ್ಲಕ್ಕಿಂತ ಗಹನವಾದದ್ದು ಪಡೆಯ ಚಿಹ್ನೆ. ನಾಲ್ಕನೆಯ ಭಾರತೀಯ ಡಿವಿಜನ್ನಿಗೆ ಕೆಂಪು ಹದ್ದು, ಹದಿನೇಳನೆಯದಕ್ಕೆ ಕಪ್ಪು ಬೆಕ್ಕು, ಏಳನೆಯದಕ್ಕೆ ಚಿನ್ನದ ಬಾಣ. ಸರಬರಾಜು ದಳದ್ದಾದರೆ ಕೆಂಪು ಹಸಿರು ಎರಡನ್ನೂ ಕರ್ಣರೇಖೆಯಿಂದ ಸೀಳಿದ ಚೌಕ. ಸಾಕ್ಷಿಯಿಲ್ಲದೆ ಪ್ರಸಿದ್ಧವಾದ ಚಿಹ್ನೆಯನ್ನು ಬರೆಯುವ ಆಸೆ ಸಹಜ. ನಾನು ಇದನ್ನು ಕೂಟಶಾಸನವೆಂದೇ ಕರೆಯುತ್ತೇನೆ. ಇಲ್ಲದ ದತ್ತಿಯನ್ನು ತಾಮ್ರಪಟದಲ್ಲಿ ಕೆತ್ತಿಸಿದವನಿಗೂ ಹೋಗದ ಯುದ್ಧಕ್ಕೆ ಲಾರಿಯನ್ನು ಕಳುಹಿಸಿದವನಿಗೂ ಏನು ಅಂತರ? ೧೯೪೫ರ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು ೨೫ ಲಕ್ಷ ಮಂದಿ ಇದ್ದರು. ೧೯೪೪ರಲ್ಲಿ ದಿಮಾಪುರದಿಂದ ಕೊಹಿಮಾ ಹಾಯ್ದು ಇಂಫಾಲಕ್ಕೆ ಹೋಗುವ ಮಲೆಯ ದಾರಿಯನ್ನು ಜಪಾನೀಯರು ಕಡಿದು, ಜೂನ್ ೨೨ರಂದು ಅದು ಮತ್ತೆ ತೆರೆದಾಗ, ಒಳಗಿದ್ದವರ ಅನ್ನ ಮದ್ದುಗಳು ಸಾಗಿದ್ದು ಲಾರಿಗಳ ಮೇಲೆ. ಓಡಿಸಿದವರ ಹೆಸರುಗಳು ದೊಡ್ಡ ಗ್ರಂಥಗಳಲ್ಲಿ ಅಪರೂಪ. ಸುಳ್ಳು ಚಿಹ್ನೆ ಬರೆದಾಗ ನಿಜವಾದ ಪಡೆಯ ಗುರುತು ಇನ್ನೊಮ್ಮೆ ಮುಚ್ಚಿಹೋಗುತ್ತದೆ. ಚಿಹ್ನೆ ತಿಳಿಯದಿದ್ದರೆ ಆ ಜಾಗವನ್ನು ಬರಿದೆ ಬಿಡಲಿ. ಲುಪ್ತಾಕ್ಷರಕ್ಕೆ ಚುಕ್ಕಿಯಿಡುವುದು ನಮ್ಮಲ್ಲಿ ಅವಮಾನವಲ್ಲ.

ಡಿಸ್ಪೋಸಲ್ಲಿನಲ್ಲಿ ಮಾರಾಟವಾಗಿ, ಮರದ ದಿಮ್ಮಿಯನ್ನೋ ಕಲ್ಲನ್ನೋ ಹೊತ್ತು ಮೂವತ್ತು ವರ್ಷ ದುಡಿದ ಗಾಡಿಯಲ್ಲಿ ಊರ ಮೇಸ್ತ್ರಿ ಹಾಕಿದ ಬೆಸುಗೆಯನ್ನು ಏನು ಮಾಡಬೇಕು? ಕೆಲವರು ಕತ್ತರಿಸಿ ಎಸೆಯುತ್ತಾರೆ. ನನ್ನ ಮತ ಬೇರೆ. ಓಟಕ್ಕೆ ಅಪಾಯವಿಲ್ಲದ ಒಂದೆರಡು ತೇಪೆಗಳನ್ನು ಉಳಿಸಿ, ತೆಗೆದುದರ ಚಿತ್ರವನ್ನೂ ಅಳತೆಯನ್ನೂ ಬರೆದಿಡಬೇಕು. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡದ ಸಂಪಾದಕನನ್ನು ಯಾರು ನಂಬುತ್ತಾರೆ?

ಶ್ರದ್ಧೆಯುಳ್ಳವನು ಮರೆಯದ ಇನ್ನೊಂದು ಅಂಶವುಂಟು. ಯುದ್ಧದ ಇರುಳಿನಲ್ಲಿ ಸಾಲುಗಟ್ಟಿ ಹೋಗುವಾಗ ದೀಪ ಕೂಡದು. ಆದರೆ ಹಿಂದಿನವನಿಗೆ ಮುಂದಿನ ಗಾಡಿ ಕಾಣಬೇಕು. ಅದಕ್ಕಾಗಿ ಹಿಂದಿನ ಅಚ್ಚಿನ ನಡುವಿನ ಉಬ್ಬಿಗೆ, ಮೆಕಾನಿಕ್ಕುಗಳು ಡಿಫರೆನ್ಷಿಯಲ್ ಎನ್ನುವ ಭಾಗಕ್ಕೆ, ಬಿಳಿ ಬಳಿದು, ಷಾಸಿಯ ಅಡಿಯಿಂದ ಒಂದು ಪುಟ್ಟ ಬಲ್ಬಿನ ಬೆಳಕು ಅದರ ಮೇಲೆ ಬೀಳುವಂತೆ ಮಾಡಿದರು. ವಿಮಾನಕ್ಕೆ ಅದು ಕಾಣದು. ಹಿಂದೆ ಬರುವ ಡ್ರೈವರನಿಗೆ ಕತ್ತಲಲ್ಲಿ ತೇಲುವ ಬಿಳಿಯ ಬಿಲ್ಲೆಯೊಂದೇ ದಾರಿ. ಪ್ರದರ್ಶನದಲ್ಲಿ ನಿಂತ ಲಾರಿಯಲ್ಲಿ ಇದನ್ನು ನೋಡಬೇಕಾದರೆ ಹಿಂದುಗಡೆಗೆ ಹೋಗಿ, ಮೊಣಕಾಲೂರಿ ಬಗ್ಗಬೇಕು.