ಅಳಿಸಲೊಲ್ಲದ ಲೆಕ್ಕ

ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಒಂದೇ ರಟ್ಟಿನೊಳಗೆ ನೆರೆದಿವೆ. ಅಂಥ ಶಾಸನಗಳನ್ನು ಓದುತ್ತ ಹೋದವರ ಮನಸ್ಸಿನಲ್ಲಿ ದಾನದ ಎಲ್ಲೆಕಟ್ಟುಗಳಿಗಿಂತ ಹೆಚ್ಚಾಗಿ ಉಳಿಯುವುದು, ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾತಕ ತಗಲಲೆಂಬ ಘೋರವಾದ ಶಾಪ. ದಾಖಲೆಗೆ ಅಂದು ಶಾಪವೇ ಕಾವಲು. ಆದರೆ ತಲಕಾಡಿನ ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಹಲವು ಕೃತಕವೆಂದು ಫ್ಲೀಟ್ ಪಂಡಿತರು ವಾದಿಸಿದುದನ್ನು ನೆನೆದರೆ, ಇದ್ದುದನ್ನು ಅಳಿಸಲು ಅಂಜುತ್ತಿದ್ದವರು ಇಲ್ಲದುದನ್ನು ಹುಟ್ಟಿಸಲು ಅಷ್ಟೇನೂ ಅಂಜುತ್ತಿರಲಿಲ್ಲವೆಂದು ತೋರುತ್ತದೆ!

ಕಲ್ಲು ದೇವಾಲಯಕ್ಕೂ ಅರಸನಿಗೂ ಸಂದಿತು. ಶ್ಯಾನುಭೋಗರಿಗೂ ವರ್ತಕರಿಗೂ ದಕ್ಕಿದುದು ಕಡತ. ನೀಳವಾದ ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಹುಣಿಸೆಬೀಜದ ಸರಿಯಲ್ಲಿ ಕಲಸಿದ ಇದ್ದಿಲಪುಡಿಯನ್ನು ಬಳಿದು, ಚೆನ್ನಾಗಿ ಒಣಗಿಸಿ, ಕತ್ತರಿಸದೆಯೇ ಸಮನಾದ ಮಡಿಕೆಗಳಾಗಿ ಮಡಿಸಿ, ಕೊನೆಯ ಎರಡು ಮಡಿಕೆಗಳಿಗೆ ಮರದ ಹಲಗೆಗಳನ್ನು ಹೊಂದಿಸಿದ ಈ ಕಪ್ಪು ಪುಸ್ತಕವನ್ನು, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಇತಿಹಾಸಗ್ರಂಥದಲ್ಲಿ ಕುತೂಹಲದಿಂದ ವರ್ಣಿಸಿದ್ದಾರೆ. ಬಳಪದಿಂದ ಬರೆದುದು ಒರಸಿದರೆ ಹೋಗುವುದು. ಮತ್ತೆ ಕಪ್ಪು ಬಳಿದರೆ ಹೊಸ ಪುಟ. ಇಷ್ಟು ಸುಲಭವಾಗಿ ಅಳಿಯುವ ವಸ್ತುವಿನ ಮೇಲೆ ಊರಿನ ಕಂದಾಯವೆಲ್ಲ ನಿಂತಿತ್ತೆಂದರೆ, ಅದರ ಭದ್ರತೆ ಬಟ್ಟೆಯಲ್ಲಿರದೆ, ಯಾವ ಹೊಲ ಯಾರದೆಂದು ಬಲ್ಲ ನೆರೆಹೊರೆಯ ಸ್ಮರಣೆಯಲ್ಲಿಯೂ ವಂಶಪಾರಂಪರ್ಯವಾಗಿ ಲೆಕ್ಕ ಬರೆದ ಶ್ಯಾನುಭೋಗನ ಮಾನದಲ್ಲಿಯೂ ಇದ್ದಿತೆಂದೇ ಹೇಳಬೇಕು. ಆ ಮಾನ ಎಲ್ಲ ಊರುಗಳಲ್ಲಿಯೂ ಸಮನಾಗಿತ್ತೆಂದು ಮಾತ್ರ ನಾನು ಹೇಳಲಾರೆ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿತು. ದಳವಾಯಿ ದೇವರಾಜನ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯೇ ರಸ್ತೆಯೊಡನೆ ಹಳಿಯನ್ನೂ ಹೊತ್ತಿತು. ಸರಕಿನೊಡನೆ ರೈಲ್ವೆ ರಸೀದಿಯೂ ಬಂದಿತು. ಮಂಡಿಯ ಗುಮಾಸ್ತನ ಕೈಗೆ ಕಾಗದದ ಕಿರ್ದಿ, ಖಾತೆಗಳು ಬಂದ ಮೇಲೆ ಅಳಿಸುವುದೆಂಬುದೇ ನಿಷಿದ್ಧವಾಯಿತು: ತಪ್ಪು ಅಂಕಿಯ ಮೇಲೆ, ಅದು ಓದಲು ಬರುವಂತೆಯೇ, ಒಂದು ಗೆರೆ, ಪಕ್ಕದಲ್ಲಿ ರುಜು, ಖಾತೆಗೆ ಏರಿಹೋದ ತಪ್ಪಿಗೆ ಎದುರು ಬದಿಯಲ್ಲಿ ಜಮಾ ಅಥವಾ ಖರ್ಚು.

ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ ಹೊರಡುವ ಲಾರಿಯ ಲೆಕ್ಕ ಗಣಕಯಂತ್ರದಲ್ಲಿದೆ. ಎರಡು ಬಾರಿ ಏರಿದ ಪಾರ್ಟಿಯ ಹೆಸರೊಂದನ್ನು ತೆಗೆಯಹೊರಟ ತರುಣ ಗುಮಾಸ್ತನಿಗೆ ತಂತ್ರಾಂಶವು ‘ಅಳಿಸಲಾಗದು’ ಎಂದುಬಿಡುತ್ತದೆ. ಯಂತ್ರ ಕೆಟ್ಟಿತೆಂದು ಅವನು ಬಗೆಯುವುದು ಸಹಜ. ಆ ಹೆಸರಿಗೆ ಬಿಲ್ಲು, ರವಾನೆ, ಗೋದಾಮಿನ ದಾಸ್ತಾನು ಅಂಟಿಕೊಂಡಿರುವುದೇ ಬಹುಮಟ್ಟಿಗೆ ಕಾರಣ; ಕೆಲವೊಮ್ಮೆ ಇನ್ನೊಬ್ಬರು ಅದೇ ದಾಖಲೆಯನ್ನು ತೆರೆದಿಟ್ಟಿರುತ್ತಾರೆ, ಇಲ್ಲವೆ ಆ ತಿಂಗಳ ಲೆಕ್ಕ ಮುಗಿದಿರುತ್ತದೆ. ವ್ಯವಹಾರವೇ ನಡೆಯದ ಬರಿಯ ಕರಡಾಗಿದ್ದರೆ ಮೊದಲು ಅಂಟಿದ ಸಾಲುಗಳನ್ನೂ ಕೊನೆಗೆ ಹೆಸರನ್ನೂ ತೆಗೆಯಬಹುದು. ವ್ಯವಹಾರ ನಡೆದಿದ್ದರೆ ಎದುರು ನಮೂದು ಹಾಕಿ, ಹೆಸರನ್ನು ಚಾಲ್ತಿಯಲ್ಲಿಲ್ಲವೆಂದು ಗುರುತಿಸಿ ಬಿಡುವುದೇ ಕ್ರಮ. ಇದಾವುದನ್ನೂ ನೋಡದೆ ದತ್ತಾಂಶದ ಕೋಠಿಗೇ ಕೈಯಿಕ್ಕಿ ಸಾಲನ್ನು ಕಿತ್ತೆಸೆಯುವವನು ಕಡತವನ್ನು ಒರಸಿದವನಿಗೆ ಸಮಾನ. ಒಡೆಯನಿಲ್ಲದ ಬಿಲ್ಲುಗಳೂ ತಾಳೆಯಾಗದ ದಾಸ್ತಾನೂ ವರ್ಷಾಂತ್ಯದಲ್ಲಿ ಅವನ ಮುಂದೆ ಬಂದು ನಿಲ್ಲುತ್ತವೆ.

ಶಾಪದ ಸ್ಥಾನಕ್ಕೆ ಈಗ ಕಾನೂನು ಬಂದಿದೆ. ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಕಿನೊಡನೆ ಹೋಗುವ ಇ-ವೇ ಬಿಲ್ಲನ್ನಂತೂ, ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಪತ್ರವನ್ನು, ಅಳಿಸುವ ಮಾರ್ಗವೇ ಇಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ರದ್ದುಮಾಡಬಹುದು, ದಾರಿಯಲ್ಲಿ ಅಧಿಕಾರಿ ಪರಿಶೀಲಿಸಿದ್ದರೆ ಅದೂ ಸಾಧ್ಯವಿಲ್ಲ.