ನಲವತ್ತರ ಸೀಸೆ, ನೂರರ ಸಿರಿಂಜ್

ನಮ್ಮ ಜರಗನಹಳ್ಳಿ, ಸಾರಕ್ಕಿ, ಜೆ.ಪಿ. ನಗರದ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಬೇಕಾದಷ್ಟಿವೆ. ಆರು ತಿಂಗಳಿಗೆಂದು ಹೊರಡುವ ಅಪ್ಪ-ಅಮ್ಮಂದಿರ ಸಾಮಾನಿನಲ್ಲಿ ಹುಳಿಪುಡಿ, ಚಟ್ನಿಪುಡಿಯ ಜೊತೆ ಔಷಧಿಯ ಗಂಟೂ ಇರುತ್ತದೆ. ಅಲ್ಲಿ ಔಷಧಿ ದುಬಾರಿ ನೋಡಿ! ಸಕ್ಕರೆ ಕಾಯಿಲೆಯವರಾದರೆ ಇನ್ಸುಲಿನ್ ಕೂಡ. ಈ ಪುಟ್ಟ ಸೀಸೆಗೆ ನೂರು ವರ್ಷದ ಇತಿಹಾಸವಿದೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಚುಚ್ಚಿದರು. ಆರಂಭದ ಇನ್ಸುಲಿನ್ ಬಹಳ ತೆಳು, ಹಾಗಾಗಿ ಹೆಚ್ಚು ಹೆಚ್ಚು ದ್ರವ ಚುಚ್ಚಬೇಕಿತ್ತು. ಬರಬರುತ್ತಾ ಒಂದು ಮಿಲಿಲೀಟರಿಗೆ 40 ಯೂನಿಟ್, 80 ಯೂನಿಟ್ ಎಂದು ಗಟ್ಟಿಯಾಯಿತು. ಬೇರೆ ಬೇರೆ ಬಲದ ಸೀಸೆ, ಬೇರೆ ಬೇರೆ ಗೆರೆಯ ಸಿರಿಂಜ್... ಗೊಂದಲವಾಗದೇ ಇರುತ್ತದೆಯೇ? ಅದಕ್ಕೇ ಅಮೆರಿಕ 1970ರ ದಶಕದಲ್ಲಿ 100 ಯೂನಿಟ್ಟಿನ ಕಡೆ ಹೊರಳಿತು. ಬ್ರಿಟನ್ 1983ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮಲ್ಲಿ ಏನಾಯಿತು? ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟ್ಟಿನದು. ಆದರೆ ಸೀಸೆ ಮಾತ್ರ ಹೆಚ್ಚಾಗಿ 40ರಲ್ಲೇ ಉಳಿಯಿತು. ನಮ್ಮೂರಿನ ಬಯೋಕಾನ್ 2004ರಲ್ಲಿ ಸ್ವಂತ ಇನ್ಸುಲಿನ್ ಹೊರತಂದಾಗಲೂ ಮಾರುಕಟ್ಟೆಯಲ್ಲಿ ನಡೆಯುತ್ತಿದ್ದುದು 40ರ ಲೆಕ್ಕವೇ.

ಅಪಾಯವಿರುವುದು ಇಲ್ಲೇ. ಇಲ್ಲಿಂದ ಒಯ್ದ ಸಿರಿಂಜ್ ಮುಗಿದು, ಅಲ್ಲಿನ 100ರ ಸಿರಿಂಜಿನಲ್ಲಿ ನಮ್ಮ 40ರ ಇನ್ಸುಲಿನ್ ಎಳೆದುಕೊಂಡರು ಅಂದುಕೊಳ್ಳಿ. 20ನೇ ಗೆರೆಗೆ ತುಂಬಿದರೆ ಮೈಗೆ ಹೋಗುವುದು ಎಂಟೇ ಯೂನಿಟ್. ಸಕ್ಕರೆ ಏರುತ್ತದೆ. ತಿರುಗಾ ಮುರುಗಾ ಆದರೆ ಇನ್ನೂ ಕೆಟ್ಟದ್ದು: ಅಲ್ಲಿನ ಇನ್ಸುಲಿನ್ ನಮ್ಮ ಸಿರಿಂಜಿನಲ್ಲಿ 20ನೇ ಗೆರೆಗೆ ತುಂಬಿದರೆ 50 ಯೂನಿಟ್! ಪ್ರಾಣಕ್ಕೇ ಬರಬಹುದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣ ಇಟ್ಟಿರುವುದು ಇದಕ್ಕೇ. ಆದರೆ ಕಣ್ಣು ಮಂಜಾದ ಹಿರಿಯರಿಗೆ ಈ ಎರಡು ಬಣ್ಣ ಬೇರೆಯಾಗಿ ಕಾಣಬೇಕಲ್ಲ?

ಇನ್ನು ವಿಮಾನದ ವಿಷಯ. 2001ರ ಸೆಪ್ಟೆಂಬರ್ ದಾಳಿಯ ನಂತರ ಸೂಜಿ ಎಂದರೆ ಅನುಮಾನ ಶುರುವಾಯಿತು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾಗಿ, ಕೈಚೀಲದ ದ್ರವಗಳ ಮೇಲೆ ನಿರ್ಬಂಧ ಬಂತು. ಕೆಲವೇ ವಾರಗಳಲ್ಲಿ ಅದು 100 ಮಿಲಿಲೀಟರಿನ ನಿಯಮವಾಯಿತು. ಪ್ರಯಾಣಕ್ಕೆ ಬೇಕಾದ ಔಷಧಿಗೆ, ಮಗುವಿನ ಆಹಾರಕ್ಕೆ ಅದರಿಂದ ವಿನಾಯಿತಿ ಕೊಟ್ಟರು. ಆದರೆ ತಪಾಸಣೆಯಲ್ಲಿ ಹೇಳಿ ತೋರಿಸಬೇಕು, ಸಿರಿಂಜ್ ಜೊತೆ ಅದರ ಔಷಧಿಯೂ ಇರಬೇಕು.

ನಮಗೆ ದೂರವೂ ಸೇರಿಕೊಂಡಿತು. 2008ರ ಮೇ 24ರಂದು ಎಚ್.ಎ.ಎಲ್. ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಜರಗನಹಳ್ಳಿಯಿಂದ ಅಲ್ಲಿಗೆ ಸುಮಾರು 45 ಕಿಲೋಮೀಟರ್. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ತೆರೆಯದ ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಮೇ ತಿಂಗಳ ಬಿಸಿಲಲ್ಲಿ ಕಾರಿನ ಡಿಕ್ಕಿಗೆ ಹಾಕಿದರೆ ಕಾಯುತ್ತದೆ, ವಿಮಾನದ ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಹಾಗಾಗಿ ಪೂರ್ತಿ ದಾಸ್ತಾನು ಕೈಚೀಲದಲ್ಲೇ ಇರಲಿ.

ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಷ್ಟೇ ಅಲ್ಲ, ಔಷಧಿಯ ಮೂಲ ಹೆಸರು, ಎಷ್ಟು ಯೂನಿಟ್ ಎಂಬುದನ್ನೂ ಬರೆಸಿಕೊಳ್ಳಿ. ನಮ್ಮ ಬ್ರಾಂಡಿನ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಸೀಸೆ ಬಳಸುವವರು 40ರ ಸಿರಿಂಜನ್ನು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಒಯ್ಯಿರಿ. ಆಗುವುದಾದರೆ ಹೊರಡುವ ಒಂದೆರಡು ತಿಂಗಳು ಮೊದಲೇ ಪೆನ್ನಿಗೆ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಮನೆಯಲ್ಲೇ ಕೈ ಪಳಗಿದರೆ ಪರದೇಶದಲ್ಲಿ ಪರದಾಟವಿರುವುದಿಲ್ಲ.